ಇಪ್ಪತ್ತೊಂದನೆಯ ನಿಮಿಷ

ಆರ್ವೋ ಲ್ಯಾಂಪಿನೆನ್ ಅವರ ಗಂಟಲಿನ ಆಪರೇಷನ್ 2005ರ ಏಪ್ರಿಲ್ ಐದರಂದು ಎಂದು ಗೊತ್ತಾಗಿತ್ತು. ಅದಾದ ಮೇಲೆ ಅವರಿಗೆ ಧ್ವನಿಪೆಟ್ಟಿಗೆ ಇರುವುದಿಲ್ಲ. ಈ ಸುದ್ದಿಯನ್ನು ಲೊರೇನ್ ಸ್ವೀನಿ ನನಗೆ ಹೇಳಿದ್ದು ಮಾರ್ಚ್ ಎರಡನೆಯ ವಾರದಲ್ಲಿ; ಆಗ ನಮ್ಮೂರು ಡುಲುತ್‌ನ ಬಂದರಿನಲ್ಲಿ ಇನ್ನೂ ಮಂಜುಗಡ್ಡೆ ಕರಗಿರಲಿಲ್ಲ.

ಲೊರೇನ್ ನನ್ನ ಶಾಲೆಯ ಗೆಳತಿ. ಬಂದರಿನಲ್ಲಿ ಕಟ್ಟಿಹಾಕಿರುವ ‘ಎಲ್ಮರ್ ಟಾಲೆಫ್ಸನ್’ ಎಂಬ ಹಳೆಯ ಅದಿರು ಹಡಗನ್ನು ಮ್ಯೂಸಿಯಂ ಮಾಡಿದ್ದಾರೆ. ಅದರ ಉಸ್ತುವಾರಿ ಅವಳದು. ಆರ್ವೋ ಆ ಹಡಗಿನ ಕೊನೆಯ ಚೀಫ್ ಎಂಜಿನಿಯರ್. ಹದಿನೇಳು ಬೇಸಿಗೆಗಳಿಂದ ಅದರ ಎಂಜಿನ್ ಕೋಣೆಯನ್ನು ಜನರಿಗೆ ತೋರಿಸುತ್ತ ಬಂದಿದ್ದರು. ಒಂದು ಸುತ್ತು ತೋರಿಸಲು ಮೂವತ್ತನಾಲ್ಕು ನಿಮಿಷ. ಮೂವತ್ತಮೂರೂ ಅಲ್ಲ, ಮೂವತ್ತೈದೂ ಅಲ್ಲ, ಏಕೆಂದರೆ ಮೇಲೆ ಏಣಿಯ ಬಳಿ ಮುಂದಿನ ಗುಂಪು ಕಾಯುತ್ತಿರುತ್ತದೆ.

"ಮೇ ಹದಿನಾಲ್ಕಕ್ಕೆ ತೆರೀಬೇಕು. ಚೀಫ್ ಇಲ್ದೆ ಎಂಜಿನ್ ಕೋಣೆ ಅಂದ್ರೆ ಬರೀ ಕಬ್ಬಿಣ" ಎಂದಳು ಲೊರೇನ್. "ಗೋಡೆಗೆ ಫಲಕ ಹಾಕ್ಸೋಣ ಅಂತಿದೀನಿ. ಅವರಿಗೆ ಹೇಳಿದೆ. ಏನಂದ್ರು ಗೊತ್ತಾ? ‘ಬೋರ್ಡ್ ಓದೋಕೆ ಬರೋ ಜನ ಮನೇಲೇ ಇರ್ಲಿ, ಪೇಪರ್ ಬರತ್ತಲ್ಲ’ ಅಂದ್ರು."

"ಅವರ ಮಾತನ್ನೇ ರೆಕಾರ್ಡ್ ಮಾಡ್ಕೊ."

"ಕೇಳ್ಸೋದು ಹೇಗೆ? ಸ್ಪೀಕರ್ ಹಾಕಿದ್ರೆ ಆ ಕೋಣೇಲಿ ಸದ್ದು ಸದ್ದಿಗೇ ಡಿಕ್ಕಿ ಹೊಡಿಯತ್ತೆ. ಒಬ್ಬೊಬ್ಬರ ಕೈಗೂ ಏನಾದ್ರೂ ಕೊಡ್ಬೇಕು. ಮಕ್ಕಳು ಬೀಳಿಸಿದ್ರೂ ಒಡೀಬಾರ್ದು."

ಮಕ್ಕಳು ಬೀಳಿಸಿದರೂ ಒಡೆಯದ ಯಂತ್ರ ಯಾವುದೆಂದು ನನಗೆ ಗೊತ್ತಿತ್ತು. ಅಂಗಡಿಗಳ ತಕ್ಕಡಿ ಮತ್ತು ಬಿಲ್ಲಿನ ಯಂತ್ರಗಳ ರಿಪೇರಿ ನನ್ನ ಹೊಟ್ಟೆಪಾಡು. ಬಿಡುವಿನಲ್ಲಿ, ಮಕ್ಕಳು ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಎಂಬ ವಿಡಿಯೋಗೇಮ್ ಯಂತ್ರಕ್ಕೆ ಪುಟ್ಟ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೆ. ಊರಿನಲ್ಲಿ ಆ ಚಟದವರು ನಾವು ಐದು ಜನ ಇದ್ದೆವು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಆ ಯಂತ್ರಗಳು ರಾಶಿ ಬಿದ್ದಿದ್ದವು. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಹದಿನೈದು ಗಂಟೆ ನಡೆಯುತ್ತದೆ, ಕಿವಿಗೆ ಹಾಕುವ ಹೆಡ್‌ಫೋನ್ ಚುಚ್ಚಬಹುದು, ಪರದೆಯ ಮೇಲೆ ಚಿತ್ರವನ್ನೂ ತೋರಿಸಬಹುದು.

"ಹನ್ನೆರಡು ಗೇಮ್‌ಬಾಯ್ ತಗೊಂಡ್ ಬಾ. ಮಿಕ್ಕಿದ್ದು ನಂಗೆ ಬಿಡು" ಎಂದೆ.

ಮಿಕ್ಕಿದ್ದು ಎಷ್ಟಿದೆ ಎಂದು ಆಗ ಲೆಕ್ಕ ಹಾಕಿರಲಿಲ್ಲ. ಲೊರೇನ್ ಹಾಕಿದ್ದಳು. "ಫಲಕದ ಪ್ರೆಸ್ಸಿನೋರು ಏಪ್ರಿಲ್ ಇಪ್ಪತ್ತೈದರವರೆಗೆ ಕಾಯ್ತಾರೆ. ಅಷ್ಟರೊಳಗೆ ನಿನ್ನ ಯಂತ್ರ ಸರಿಯಾಗಿ ಮಾತಾಡ್ಬೇಕು. ಇಲ್ದಿದ್ರೆ ಬೋರ್ಡು. ಆಮೇಲೆ ನನ್ನ ಬೈಬೇಡ."

*

ಮಾರ್ಚ್ ಹತ್ತೊಂಬತ್ತು, ಶನಿವಾರ. ಎಂಜಿನ್ ಕೋಣೆಯಲ್ಲಿ ಮೈಕು ಹಿಡಿದು ನಿಂತೆ. ಆರ್ವೋ ಉಣ್ಣೆಯ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡರು. ಎಪ್ಪತ್ತೊಂದು ವರ್ಷ, ಅಗಲವಾದ ಭುಜ. ಧ್ವನಿ ಆಗಲೇ ಸ್ವಲ್ಪ ಸೀಳಿತ್ತು. ನನ್ನ ಅಪ್ಪ ಅವರ ಕೈಕೆಳಗೆ ಒಂಬತ್ತು ವರ್ಷ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸ ಮಾಡಿದವನು. ಹಾಗಾಗಿ ಅಪ್ಪ ಕರೆಯುತ್ತಿದ್ದಂತೆ ನಾನೂ ಅವರನ್ನು ಚೀಫ್ ಎಂದೇ ಕರೆಯುತ್ತಿದ್ದೆ.

"ಎಲ್ಲಿಂದ ಶುರು ಮಾಡ್ಲಿ?"

"ಜನ ಏಣಿ ಇಳಿದ ತಕ್ಷಣ ಏನ್ ಹೇಳ್ತೀರೋ ಅದನ್ನೇ ಹೇಳಿ, ಚೀಫ್."

"ಜನ ಎಲ್ಲಿದಾರೆ? ನೀನೊಬ್ಳು. ನಿಮ್ಮ ವುಕೆಲಿಚ್ ಮನೆತನಕ್ಕೆ ಈ ಎಂಜಿನ್ ವಿಷ್ಯ ಹೇಳಿ ಹೇಳಿ ನನ್ನ ಅರ್ಧ ಗಂಟಲು ಅಲ್ಲೇ ಹೋಯ್ತು. ನಿಮ್ಮಪ್ಪಂಗೆ ಕೊನೇತನಕ ಕವಾಟ ಯಾವ್ದು, ಕಾಫಿ ಕೊಳಾಯಿ ಯಾವ್ದು ಗೊತ್ತಾಗ್ಲಿಲ್ಲ."

ಖಾಲಿ ಕೋಣೆಗೆ ಮಾತಾಡಲು ಅವರಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಎರಡು ಸಲ ಶುರು ಮಾಡಿ ನಿಲ್ಲಿಸಿದರು. ಕೊನೆಗೆ ಲೊರೇನ್ ಮೇಲೆ ಬಣ್ಣ ಬಳಿಯುತ್ತಿದ್ದ ನಾಲ್ವರನ್ನು ಕೆಳಗೆ ಕಳಿಸಿದಳು. ಅವರು ಕುಂಚ ಹಿಡಿದುಕೊಂಡೇ ನಿಂತರು. ಆರ್ವೋ ಗಡಿಯಾರ ನೋಡಿಕೊಂಡು ಮಾತು ತೆಗೆದರು. ಮುಗಿಸಿದಾಗ ಸರಿಯಾಗಿ ಮೂವತ್ತನಾಲ್ಕು ನಿಮಿಷ.

ಆಮೇಲೆ ಅಡುಗೆಕೋಣೆಯ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದೆವು. ಅವರು ತಮ್ಮ ಪಾಲಿನ ಮಾಂಸದ ಕಡುಬನ್ನು ಸಣ್ಣ ಸಣ್ಣ ತುಂಡು ಮಾಡಿ ನಿಧಾನವಾಗಿ ನುಂಗುತ್ತಿದ್ದರು. ಪ್ರೋಗ್ರಾಂ ತುಂಬಿ ಗೇಮ್‌ಬಾಯ್‌ಗೆ ಸಿಕ್ಕಿಸುವ ಕಾರ್ಟ್ರಿಜ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಿಸ್ಕತ್ತಿಗಿಂತ ಚಿಕ್ಕದು.

"ಇದರಲ್ಲಿ ನನ್ನ ಮೂವತ್ನಾಕು ನಿಮಿಷ ಹಿಡಿಯತ್ತಾ?"

"ಇದ್ದಂಗೇ ತುಂಬಿದ್ರೆ ಏಳೂವರೆ ನಿಮಿಷ ಹಿಡಿಯತ್ತೆ. ಒತ್ತಿ ಚಿಕ್ಕದು ಮಾಡಿದ್ರೆ ಪೂರ್ತಿ ಹಿಡಿಯತ್ತೆ."

"ಒತ್ತೋದು ಅಂದ್ರೆ? ಹಬೆ ಒತ್ತಬಹುದು. ಮಾತನ್ನ ಹೇಗೆ ಒತ್ತುತ್ತಾರೆ?"

ಸುಮ್ಮನೆ ಕೇಳಿದ ಪ್ರಶ್ನೆ ಅಲ್ಲ ಅದು. ಅವರು ಕಡುಬನ್ನು ಕೆಳಗಿಟ್ಟಿದ್ದರು. ನಾನೂ ಸರಿಯಾಗಿ ಹೇಳಬೇಕೆಂದುಕೊಂಡೆ. ನಾನು ಬಳಸುತ್ತಿದ್ದ ವಿಧಾನ ಯುರೋಪಿನ ಮೊಬೈಲ್ ಫೋನುಗಳಿಗಾಗಿ ಮಾಡಿದ್ದು. ಅದು ಸದ್ದನ್ನು ಸದ್ದಾಗಿ ಇಟ್ಟುಕೊಳ್ಳುವುದಿಲ್ಲ. ಮನುಷ್ಯನ ಗಂಟಲಿನಿಂದ ತುಟಿಯವರೆಗಿನ ದಾರಿಯನ್ನು, ಒಂದಕ್ಕೊಂದು ಜೋಡಿಸಿದ ಎಂಟು ತುಂಡಿನ ಕೊಳವೆ ಎಂದು ಭಾವಿಸುತ್ತದೆ. ಯಾವ ತುಂಡು ಎಷ್ಟು ಅಗಲ ಎಂಬುದನ್ನು ಬರೆದಿಡುತ್ತದೆ. ಮಾತಾಡುವಾಗ ಆಕಾರ ಬದಲಾಗುತ್ತಿರುತ್ತದಲ್ಲ, ಅದಕ್ಕೆ ಸೆಕೆಂಡಿಗೆ ನೂರಹನ್ನೆರಡು ಸಲ ಹೊಸದಾಗಿ ಅಳೆಯುತ್ತದೆ.

"ದರ್ಜಿ ಅಳತೆ ತಗೊಂಡ ಹಾಗೆ" ಎಂದೆ.

"ಸರಿ, ಕೊಳವೆ ಆಯ್ತು. ಕೊಳವೆ ತಾನೇ ಕೂಗಲ್ವಲ್ಲ. ಊದೋರು ಯಾರು?"

"ಅದು ಬೇರೆ. ಕೆಳಗಿಂದ ಒಂದು ಝುಂಯ್ ಅನ್ನೋ ಸದ್ದು. ಅದರ ವಿವರಾನೂ ನಾಲ್ಕಾರು ಅಂಕಿಗಳಲ್ಲಿ ಬರೆದಿರತ್ತೆ. ಈ ಯಂತ್ರ ಆ ಅಂಕಿ ಓದಿ, ಸದ್ದು ಮಾಡಿ, ಕೊಳವೆ ಮೂಲಕ ಕಳಿಸ್ಬೇಕು. ಆ ಕೆಲ್ಸಕ್ಕೆ ಇದರಲ್ಲಿ ಬೇರೆ ಚಿಪ್ ಇಲ್ಲ. ಎಲ್ಲಾ ಲೆಕ್ಕಾನೂ ಪ್ರೋಗ್ರಾಮೇ ಮಾಡ್ಬೇಕು, ಮಾತಾಡ್ತಾ ಮಾತಾಡ್ತಾನೇ."

"ಹಡಗಿನ ಸೀಟಿ" ಎಂದರು ಆರ್ವೋ. "ಹಬೆ ಒಂದು, ಬಾಯಿ ಒಂದು." ಸ್ವಲ್ಪ ಹೊತ್ತು ಬೆರಳಿನಿಂದ ಗಂಟಲನ್ನು ಮುಟ್ಟಿ ನೋಡಿಕೊಂಡರು. "ಹಂಗಾದ್ರೆ ಡಾಕ್ಟ್ರು ತೆಗೆಯೋದು ಕೆಳಗಿಂದು ಮಾತ್ರ. ಕೊಳವೆ ನಂಗೇ ಉಳಿಯತ್ತೆ."

"ಹೌದು."

"ಅದನ್ನ ಆ ಡಾಕ್ಟ್ರು ಇಷ್ಟು ಚೆನ್ನಾಗಿ ಹೇಳ್ಲಿಲ್ಲ ನೋಡು" ಎಂದು ಕಡುಬನ್ನು ಮತ್ತೆ ಕೈಗೆತ್ತಿಕೊಂಡರು.

*

ಹದಿಮೂರು ದಿನ ಕೆಲಸ ಮಾಡಿದೆ. ನಮ್ಮ ಚಟದವರೆಲ್ಲ ಮಾಡುವಂತೆ, ಬರೆದದ್ದನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸುತ್ತಿದ್ದೆ. ಗೇಮ್‌ಬಾಯ್‌ನಂತೆ ನಟಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಇದೆ; ಪ್ರತಿ ಸಲ ಕಾರ್ಟ್ರಿಜ್ಜಿಗೆ ಬರೆಯುವ ಗೋಳು ತಪ್ಪುತ್ತದೆ. ಅದರಲ್ಲಿ ಆರ್ವೋ ಸ್ಫಟಿಕದಂತೆ ಮಾತಾಡಿದರು. ಏಪ್ರಿಲ್ ಮೂರರ ಭಾನುವಾರ ಕಾರ್ಟ್ರಿಜ್ಜಿಗೆ ಬರೆದು, ನಿಜವಾದ ಗೇಮ್‌ಬಾಯ್‌ಗೆ ಸಿಕ್ಕಿಸಿ, ಅವರ ಮನೆಗೆ ಒಯ್ದೆ. ನಾನಾಗಿ ಒಂದು ಸಲ ಕೇಳಿ ನೋಡಿಯೂ ಇರಲಿಲ್ಲ.

ಆರ್ವೋ ಹೆಡ್‌ಫೋನ್ ಹಾಕಿಕೊಂಡರು. ಹುಬ್ಬು ಮೇಲೇರಿತು. ಭುಜ ಅಲುಗಲು ಶುರುವಾಯಿತು. ನಗುತ್ತಿದ್ದರು.

"ಜನವರೀಲಿ ಬಟ್ಟೆ ಇಲ್ದೆ ಡೆಕ್ ಮೇಲೆ ನಿಲ್ಸಿದಾರಾ ನನ್ನ?"

ಕೇಳಿದೆ. ಪ್ರತಿ ಚೂರೂ ಎರಡೆರಡು ಸಲ. ಹಲ್ಲು ಕಟಕಟಿಸುವ ಮನುಷ್ಯ ಮಾತಾಡಿದಂತೆ ಇತ್ತು.

ಕಾರಣ ಅವರ ಅಡುಗೆಮನೆಯಲ್ಲೇ ಹೊಳೆಯಿತು. ಗೇಮ್‌ಬಾಯ್‌ನ ಪ್ರೊಸೆಸರ್ ಸೆಕೆಂಡಿಗೆ ಒಂದು ಕೋಟಿ ಅರವತ್ತೇಳು ಲಕ್ಷದಷ್ಟು ಸಲ ಮಿಡಿಯುತ್ತದೆ. ಕೆಲಸಕ್ಕೆ ಅಷ್ಟು ಸಾಕು. ಆದರೆ ನನ್ನ ಪ್ರೋಗ್ರಾಂ ಇದ್ದದ್ದು ಕಾರ್ಟ್ರಿಜ್ಜಿನಲ್ಲಿ. ಅಲ್ಲಿಂದ ಒಂದೊಂದು ಸೂಚನೆಯೂ ಕಿರಿದಾದ ದಾರಿಯಲ್ಲಿ ಬರಬೇಕು, ಬರುವವರೆಗೆ ಪ್ರೊಸೆಸರ್ ಕಾಯಬೇಕು. ಎಮ್ಯುಲೇಟರ್ ಆ ಕಾಯುವಿಕೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರೊಸೆಸರಿನ ಮಗ್ಗುಲಲ್ಲೇ ಮೂವತ್ತೆರಡು ಕಿಲೋಬೈಟಿನಷ್ಟು ವೇಗದ ಜಾಗವಿದೆ. ಧ್ವನಿ ಬಿಡಿಸುವ ಭಾಗವನ್ನು ಮೊದಲೇ ಅಲ್ಲಿಗೆ ತಂದಿಟ್ಟುಕೊಂಡಿರಬೇಕಿತ್ತು.

ಹೇಳಿದೆ. ಆರ್ವೋ ಕೈ ಬೀಸಿದರು. "ಕಲ್ಲಿದ್ದಲು ಒಂದು ತುದೀಲಿ, ಒಲೆ ಇನ್ನೊಂದು ತುದೀಲಿ. ಒಲೆ ಹತ್ರ ರಾಶಿ ಹಾಕ್ಕೊ. ಇದನ್ನ ನಿಮ್ಮಪ್ಪಾನೂ ಕಲ್ತಿದ್ದ."

ರಾತ್ರಿಯೇ ಹಾಗೆ ಮಾಡಿ, ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅವರು ಆಗಲೇ ಭರ್ತಿಯಾಗಿ, ನೀಲಿ ಅಂಗಿ ತೊಟ್ಟು ಕಿಟಕಿಯ ಪಕ್ಕ ಕುಳಿತಿದ್ದರು. ಹೆಡ್‌ಫೋನ್ ಕೊಟ್ಟೆ. ಈ ಸಲ ನಗಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ಒಂದು ನಿಮಿಷ ಕಳೆದ ಮೇಲೆ ತೋರುಬೆರಳೆತ್ತಿದರು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದರು.

"ಚೆನ್ನಾಗಿದೆ. ಆದ್ರೆ ಎಲ್ಲೋ ಸಿಕ್ಕಿಹಾಕ್ಕೊಳ್ತಾ ಇದೆ. ಟಕ್ ಅಂತ. ಹಲ್ಲಿಗೆ ಕಲ್ಲು ಸಿಕ್ಕಿದಂಗೆ."

ಕೇಳಿದೆ. ನಿಜ. ಯಾರೋ ಮಾತನ್ನು ಒಂದು ಕ್ಷಣ ಹಿಂದಕ್ಕೆಳೆದು ಬಿಟ್ಟಂತೆ.

"ಸರಿ ಮಾಡ್ತೀನಿ ಚೀಫ್."

"ಮಾಡೋಕೆ ಮುಂಚೆ ಎಣಿಸು. ಏನನ್ನೂ ಬಿಚ್ಚೋಕೆ ಮುಂಚೆ ಎಣಿಸ್ಬೇಕು."

ಹ್ಞೂಂ ಎಂದೆ. ನರ್ಸ್ ಬಂದರು. ಮರುದಿನ ಬೆಳಿಗ್ಗೆ ಏಳೂವರೆಗೆ ಆಪರೇಷನ್ ಆಯಿತು.

*

ನಾನು ಎಣಿಸಲಿಲ್ಲ, ಬಿಚ್ಚಿದೆ. ಹದಿನೆಂಟು ದಿನ.

ತಪ್ಪು ಧ್ವನಿ ಬಿಡಿಸುವ ಲೆಕ್ಕದಲ್ಲೇ ಇರಬೇಕೆಂದು ಖಚಿತವಾಗಿ ನಂಬಿದ್ದೆ, ಏಕೆಂದರೆ ಪ್ರೋಗ್ರಾಮಿನಲ್ಲಿ ಕಷ್ಟದ ಭಾಗ ಅದೇ. ಗುಣಾಕಾರ ಎಲ್ಲಾದರೂ ಉಕ್ಕಿ ಹರಿಯುತ್ತಿದೆಯೇ ನೋಡಿದೆ. ಎಂಟು ಕೊಳವೆಗಳ ಲೆಕ್ಕವನ್ನು ಸಾಲು ಸಾಲಾಗಿ ಕಂಪ್ಯೂಟರಿನ ಉತ್ತರದೊಂದಿಗೆ ಹೋಲಿಸಿದೆ. ಒಂದು ಅಂಕಿಯೂ ವ್ಯತ್ಯಾಸವಿಲ್ಲ. ಎಮ್ಯುಲೇಟರಿನಲ್ಲಿ ಟಕ್ ಇಲ್ಲವೇ ಇಲ್ಲ. ಕಾರ್ಟ್ರಿಜ್ಜೇ ಕೆಟ್ಟಿರಬಹುದೆಂದು ಬದಲಿಸಿದೆ. ಯಂತ್ರ ಬದಲಿಸಿದೆ. ಸೆಲ್ ಬದಲಿಸಿದೆ. ಹನ್ನೆರಡು ಯಂತ್ರಗಳಲ್ಲೂ ಟಕ್.

ಆ ಮೂವತ್ತನಾಲ್ಕು ನಿಮಿಷಗಳನ್ನು ಇನ್ನೂರು ಸಲವಾದರೂ ಹಾಕಿರಬೇಕು. ಹಾಕಿದಾಗಲೆಲ್ಲ ಕಿವಿ ಟಕ್‌ಗಾಗಿ ಕಾದಿರುತ್ತಿತ್ತು.

ಏಪ್ರಿಲ್ ಇಪ್ಪತ್ತೆರಡರ ಶುಕ್ರವಾರ ಲೊರೇನ್ ಫೋನ್ ಮಾಡಿದಳು.

"ಸೋಮವಾರ ಇಪ್ಪತ್ತೈದು."

"ಗೊತ್ತು."

"ನಾನು ಒಂದು ಟಕ್ ಆದ್ರೆ ಸುಮ್ನಿರ್ತಿದ್ದೆ ಡೀನಾ. ನಿನ್ನೆ ಪೂರ್ತಿ ಕೇಳ್ದೆ. ಮುಗಿಯೋ ಹೊತ್ತಿಗೆ ತಲೆನೋವು ಬಂತು. ನಮ್ಮಲ್ಲಿಗೆ ಬರೋರು ಅರವತ್ತು ದಾಟಿದೋರು, ‘ಏನೋ ಕೆಟ್ಟಿದೆ’ ಅಂತ ಹತ್ತು ನಿಮಿಷಕ್ಕೇ ಕಿತ್ತು ಕೊಡ್ತಾರೆ. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೇಳ್ತೀನಿ. ನೀನೇ ಹೋಗಿ ಚೀಫ್‌ಗೆ ಹೇಳು. ನನ್ ಕೈಲಾಗಲ್ಲ."

ಆರ್ವೋ ಮನೆಗೆ ಬಂದು ನಾಲ್ಕು ದಿನವಾಗಿತ್ತು. ತಾವೇ ಬಾಗಿಲು ತೆರೆದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ತೆಳ್ಳಗಾಗಿದ್ದರು. ಕೈಯಲ್ಲಿ ಮಕ್ಕಳ ಮಾಂತ್ರಿಕ ಸ್ಲೇಟು. ಬರೆದು ಹಾಳೆ ಎತ್ತಿದರೆ ಅಳಿಸಿ ಹೋಗುತ್ತದೆ. ಅದರ ಮೇಲೆ ಆಗಲೇ ಬರೆದಿಟ್ಟುಕೊಂಡಿದ್ದರು: ‘ಕಾಫಿ ನೀನೇ ಮಾಡ್ಕೊ. ನಂಗೆ ಬೈಯೋಕಾಗಲ್ಲ, ಚೆನ್ನಾಗೇ ಮಾಡು.’

ಕಾಫಿ ಮಾಡಿಕೊಂಡು ಕುಳಿತು, ಲೊರೇನ್ ಹೇಳಿದ್ದನ್ನು ಹೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಕೈ ಚಾಚಿದರು. ಗೇಮ್‌ಬಾಯ್ ಕೊಟ್ಟೆ. ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆ ಬರೆದರು: ‘ಎಣಿಸಿದ್ಯಾ?’

ಇಲ್ಲವೆಂದೆ. ಅವರು ತಲೆ ಅಲ್ಲಾಡಿಸಿದ ರೀತಿಯನ್ನು ನಮ್ಮಪ್ಪ ಊಟದ ಮೇಜಿನಲ್ಲಿ ಎಷ್ಟೋ ಸಲ ಅಣಕಿಸಿ ತೋರಿಸಿದ್ದ.

ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಒಂದು ಟಕ್ ಆದಾಗ ಶುರು ಮಾಡಿ, ಟಕ್‌ಗೊಂದರಂತೆ ಬೆರಳು ಮಡಚುತ್ತ ಹೋದರು. ಹತ್ತು ಆದಾಗ ನಿಲ್ಲಿಸಿ ಬರೆದರು: ‘10 — 72 ಸೆ.’ ಮತ್ತೆ ಬೇರೆ ಕಡೆಯಿಂದ ಹಾಕಿ ಎಣಿಸಿದರು. ‘10 — 72.’ ಮೂರನೆಯ ಸಲ, ರೆಕಾರ್ಡಿಂಗಿನಲ್ಲಿ ಅವರು ಮಾತೇ ಆಡದೆ ಬಣ್ಣ ಬಳಿಯುವವರನ್ನು ಮುಂದೆ ಬರಲು ಬಿಟ್ಟ ಜಾಗ; ಬರೀ ಗಾಳಿಯಂತ್ರದ ಸದ್ದು. ಅಲ್ಲೂ ಏಳು ಸೆಕೆಂಡು ಚಿಲ್ಲರೆಗೊಮ್ಮೆ ಟಕ್.

ಅವರ ಮುಖ ಬದಲಾಯಿತು. ಹಾಳೆ ಎತ್ತಿ ಅಳಿಸಿ ದೊಡ್ಡದಾಗಿ ಬರೆದರು: ‘21ನೇ ನಿಮಿಷ ಕೇಳು.’

"ಅಲ್ಲೂ ಟಕ್ ಇದೆ ಚೀಫ್, ಎಲ್ಲಾ ಕಡೇನೂ ಇದೆ."

ಸ್ಲೇಟನ್ನು ಮೇಜಿಗೆ ಕುಟ್ಟಿದರು. ‘ನನ್ನ ಮಾತು ಕೇಳು ಅಂದೆ.’

ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತೊಂದನೆಯ ನಿಮಿಷಕ್ಕೆ ಓಡಿಸಿದೆ. ಎದುರಿಗೆ ಆರ್ವೋ ತುಟಿ ಮುಚ್ಚಿ ಕುಳಿತಿದ್ದರು. ಕಿವಿಯಲ್ಲಿ ಆರ್ವೋ ಮಾತಾಡಿದರು.

"ಈ ಎರಡು ಪಂಪು ನೋಡಿ, ಎಡಗಡೆದೊಂದು ಬಲಗಡೆದೊಂದು. ಬಾಯ್ಲರಿಗೆ ನೀರು ತಳ್ಳೋವು. ಅರವತ್ತೊಂದನೇ ಇಸವಿ ಜುಲೈ, ಅಡುಗೆಯವನು ಬಂದು ಜಗಳಕ್ಕೆ ನಿಂತ. ನಿಮಿಷಕ್ಕೊಂದ್ಸಲ ನನ್ನ ಕಪ್ಪುಗಳು ಕುಣೀತಾವೆ ಅಂದ. ನಾವು ನಕ್ವಿ, ಏನು ಕುಡಿದಿದೀಯಪ್ಪಾ ಅಂತ. ಹೋಗಿ ನೋಡಿದ್ರೆ ನಿಜ. ಎಡಗಡೆ ಪಂಪು ಬಿಚ್ಚಿದ್ವಿ, ಏನೂ ಇಲ್ಲ. ಬಲಗಡೆದು ಬಿಚ್ಚಿದ್ವಿ, ಏನೂ ಇಲ್ಲ. ಒಂದೊಂದೇ ಓಡಿಸಿದ್ರೆ ಕಪ್ಪು ಅಲುಗಲ್ಲ. ನಾಲ್ಕು ದಿನ ಒದ್ದಾಡಿದ್ವಿ. ಆಮೇಲೆ ಹಳೇ ಚೀಫ್ ಬಂದು ಕೇಳಿದ, ಎಣಿಸಿದ್ರೇನ್ರೋ ಕತ್ತೆಗಳಾ ಅಂತ. ಎಣಿಸಿದ್ವಿ. ಎಡಗಡೆದು ನಿಮಿಷಕ್ಕೆ ಮೂವತ್ತೊಂದು ಗುದ್ದು. ಬಲಗಡೆದು ಮೂವತ್ತು. ನಿಮಿಷಕ್ಕೊಂದ್ಸಲ ಇಬ್ಬರೂ ಒಟ್ಟಿಗೆ ಗುದ್ದತಾರೆ, ಕಪ್ಪು ಕುಣಿಯತ್ತೆ. ಯಾವ ಪಂಪೂ ಕೆಟ್ಟಿರ್ಲಿಲ್ಲ, ನೋಡಿ. ಕೆಟ್ಟಿದ್ದು ಎರಡರ ನಡುವೆ."

ನಡುವೆ ಎಂಟು ಟಕ್ ಬಂದುಹೋದವು. ಇನ್ನೂರು ಸಲ ಹಾಕಿದ ಈ ಕಥೆಯನ್ನು ನಾನು ಕೇಳಿದ್ದು ಇದೇ ಮೊದಲು.

ಹೆಡ್‌ಫೋನ್ ತೆಗೆದೆ. ಆರ್ವೋ ಎರಡು ಬೆರಳೆತ್ತಿ ತೋರಿಸಿ, ಹುಬ್ಬು ಹಾರಿಸಿದರು. ನಿನ್ನ ಎರಡು ಪಂಪು ಯಾವುವು?

ಯೋಚಿಸಿದೆ. ಇದ್ದವು. ಯಂತ್ರದೊಳಗೆ ಆರುನೂರು ಧ್ವನಿ ಅಳತೆ, ಅಂದರೆ ಬಿಡಿಸಿದ ಸದ್ದಿನ ಪುಟ್ಟ ಚೂರುಗಳು, ಹಿಡಿಯುವ ಒಂದು ದುಂಡನೆಯ ತೊಟ್ಟಿ ಮಾಡಿಕೊಂಡಿದ್ದೆ. ಒಂದು ಕೈ ಅದಕ್ಕೆ ತುಂಬುತ್ತದೆ, ಇನ್ನೊಂದು ಕೈ ಅದರಿಂದ ತೆಗೆದು ಕಿವಿಗೆ ಕಳಿಸುತ್ತದೆ. ತೆಗೆಯುವ ಕೈಗೆ ಗಡಿಯಾರ ಬೇರೆ. ಸೆಕೆಂಡಿಗೆ ಹದಿನೆಂಟು ಸಾವಿರ ಅಳತೆ ತೆಗೆ ಎಂದು ಹೇಳಿದ್ದೆ. ತುಂಬುವ ಕೈ ಪರದೆಯ ಜೊತೆ ಹೆಜ್ಜೆ ಹಾಕುತ್ತಿತ್ತು. ಆಟ ಬರೆಯುವವರೆಲ್ಲರ ಪದ್ಧತಿ ಅದು: ಆ ಯಂತ್ರದಲ್ಲಿ ಏನೇ ನಡೆದರೂ ಪರದೆ ಒಮ್ಮೆ ಬದಲಾದಾಗ ಒಮ್ಮೆ. ಪರದೆ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹದಿನೆಂಟು ಸಾವಿರವನ್ನು ಅರವತ್ತರಿಂದ ಭಾಗಿಸಿದರೆ ಮುನ್ನೂರು. ಸುಂದರವಾದ ಅಂಕಿ. ಪ್ರತಿ ಪರದೆಗೆ ಮುನ್ನೂರು ತುಂಬುತ್ತಿದ್ದೆ.

"ಚೀಫ್, ಪೆನ್ನು ಕೊಡಿ."

ಪರದೆ ಅರವತ್ತು ಸಲ ಬದಲಾಗುವುದಿಲ್ಲ. ಒಂದು ಪರದೆಗೆ ಪ್ರೊಸೆಸರಿನ 2,80,896 ಮಿಡಿತ ಬೇಕೆಂದು ನಾನೇ ಎಲ್ಲೋ ಓದಿ, ಬಾಯಿಪಾಠವೂ ಮಾಡಿಕೊಂಡಿದ್ದೆ. ಹಾಗಾದರೆ ಸೆಕೆಂಡಿಗೆ ಐವತ್ತೊಂಬತ್ತೂ ಮುಕ್ಕಾಲಿನ ಹತ್ತಿರ. ನನ್ನ ಧ್ವನಿ ಗಡಿಯಾರ ಒಂದು ಅಳತೆಗೆ 932 ಮಿಡಿತ ತೆಗೆದುಕೊಳ್ಳುತ್ತಿತ್ತು. ಹಾಲಿನ ಬಿಲ್ಲಿನ ಹಿಂಭಾಗದಲ್ಲಿ ಭಾಗಿಸಿದೆ: ಒಂದು ಪರದೆಗೆ 301.39. ಅಂದರೆ ನಾನು ಮುನ್ನೂರು ತುಂಬುವಷ್ಟರಲ್ಲಿ ತೆಗೆಯುವ ಕೈ ಮುನ್ನೂರ ಒಂದಕ್ಕಿಂತ ಹೆಚ್ಚು ತೆಗೆಯುತ್ತಿದೆ. ಪ್ರತಿ ಪರದೆಗೆ 1.39ರಷ್ಟು ಮುಂದೆ ಹೋಗುತ್ತ ಹೋಗುತ್ತ, ತುಂಬುವ ಕೈಯನ್ನು ಹಾದು ಮುಂದೆ ಬಿದ್ದಾಗ ಹಳೆಯ ಸದ್ದನ್ನೇ ಇನ್ನೊಮ್ಮೆ ಎತ್ತಿಕೊಳ್ಳುತ್ತದೆ. ಟಕ್. ತೊಟ್ಟಿಯ ಒಂದು ಪೂರ್ತಿ ಸುತ್ತು ಮುಂದಾಗಲು 431 ಪರದೆ ಬೇಕು. ಅದನ್ನು ಸೆಕೆಂಡಿಗೆ ಇಳಿಸಿದೆ.

"ಏಳು ಪಾಯಿಂಟ್ ಎರಡು" ಎಂದೆ.

ಆರ್ವೋ ಸ್ಲೇಟನ್ನು ಅಳಿಸಿದರು. ಮತ್ತೆ ‘10 — 72’ ಎಂದು ಬರೆದು ಅದನ್ನು ಬಿಲ್ಲಿನ ಪಕ್ಕಕ್ಕೆ ಸರಿಸಿದರು.

ಇಬ್ಬರೂ ಆ ಎರಡು ಅಂಕಿಗಳನ್ನು ನೋಡುತ್ತ ಕುಳಿತೆವು. ಎಮ್ಯುಲೇಟರಿನಲ್ಲಿ ಟಕ್ ಏಕಿಲ್ಲ ಎಂಬುದೂ ಆಗಲೇ ತಿಳಿಯಿತು. ಅದು ಕಂಪ್ಯೂಟರಿನ ಒಂದೇ ಗಡಿಯಾರಕ್ಕೆ ಎರಡನ್ನೂ ಕಟ್ಟಿ, ವ್ಯತ್ಯಾಸ ಬಂದಲ್ಲಿ ತಾನೇ ಸವರಿ ಸರಿದೂಗಿಸುತ್ತಿತ್ತು.

‘ಕಪ್ಪುಗಳಿಗೆ ಏನ್ ಮಾಡಿದ್ರಿ?’ ಎಂದು ಕೇಳಲು ಹೊರಟವಳು ಬಿಟ್ಟುಬಿಟ್ಟೆ. ಅವರು ಆಗಲೇ ಬರೆಯುತ್ತಿದ್ದರು: ‘ಎರಡನ್ನೂ ಒಂದೇ ಶಾಫ್ಟಿಗೆ ಕಟ್ಟು. ಹಲ್ಲು ಸರಿಯಾಗಿ ಕೂರೋ ಗೇರು ಹುಡುಕು.’

ಅದೇ ಬಿಲ್ಲಿನ ಮೇಲೆ ಹುಡುಕಿದೆ. 2,80,896ನ್ನು ಶೇಷವಿಲ್ಲದೆ ಭಾಗಿಸುವ, ಆದರೆ 932ಕ್ಕೆ ಹತ್ತಿರದ ಸಂಖ್ಯೆ. 930 ಆಗಲಿಲ್ಲ. 928 ಆಗಲಿಲ್ಲ. 924 ಆಯಿತು. ಒಂದು ಅಳತೆಗೆ 924 ಮಿಡಿತವಾದರೆ ಒಂದು ಪರದೆಗೆ ಸರಿಯಾಗಿ 304 ಅಳತೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸೆಕೆಂಡಿಗೆ 18,157. ಬಾಯಿಗೆ ಬರದ ಅಂಕಿ, ಆದರೆ ಹಲ್ಲಿಗೆ ಹಲ್ಲು ಕೂರುತ್ತದೆ.

ಪ್ರೋಗ್ರಾಮಿನಲ್ಲಿ ಬದಲಾಯಿಸಬೇಕಾಗಿದ್ದದ್ದು ಮೂರೇ ಸಂಖ್ಯೆ. ಶನಿವಾರ ಬೆಳಿಗ್ಗೆ ಮಾಡಿದೆ. ಸೋಮವಾರ ಬೆಳಿಗ್ಗೆ ಲೊರೇನ್ ಹೆಡ್‌ಫೋನ್ ಹಾಕಿಕೊಂಡು ಏಣಿ ಇಳಿದಳು, ಕೊನೆಯವರೆಗೆ ಕೇಳಿದಳು, ಮೇಲೆ ಬಂದು ಪ್ರೆಸ್ಸಿಗೆ ಫೋನ್ ಮಾಡಿ ಫಲಕ ಬೇಡವೆಂದಳು.

*

ಮೇ ಹದಿಮೂರು, ತೆರೆಯುವ ಹಿಂದಿನ ದಿನ. ಹನ್ನೆರಡು ಯಂತ್ರಗಳೂ ಟಿಕೆಟ್ ಮೇಜಿನ ಮೇಲೆ ಸಾಲಾಗಿ ಕುಳಿತಿದ್ದವು. ಆರ್ವೋ ಹತ್ತು ಗಂಟೆಗೆ ಬಂದರು. ಈಗ ಅವರ ಬಳಿ ಟಾರ್ಚಿನಷ್ಟು ದಪ್ಪದ ಒಂದು ಸಾಧನವಿತ್ತು. ಗುಂಡಿ ಒತ್ತಿ ಕುತ್ತಿಗೆಗೆ ಆನಿಸಿದರೆ ಝುಂಯ್ ಎಂದು ಅಲುಗುತ್ತದೆ. ಬಾಯಿ ಆಡಿಸಿದರೆ ಆ ಝೇಂಕಾರವೇ ಮಾತಾಗುತ್ತದೆ. ಏರಿಳಿತವಿಲ್ಲದ ಮಾತು, ಆದರೆ ಸ್ಪಷ್ಟ.

"ಒಂದು ಕೊಡು" ಎಂದರು. ಕೆಳಗಿಳಿದರು. ನಾನೂ ಲೊರೇನೂ ಮೇಲೆ ಕಾದೆವು.

ಬಹಳ ಹೊತ್ತಿನ ಮೇಲೆ ಏಣಿ ಹತ್ತಿ ಬಂದು ನನ್ನ ಮುಂದೆ ನಿಂತು, ಸಾಧನವನ್ನು ಕುತ್ತಿಗೆಗೆ ಒತ್ತಿದರು.

"ಹದಿನೆಂಟು ಸೆಕೆಂಡು ಎಲ್ಲಿ?"

ಲೊರೇನ್‌ಗೆ ಅರ್ಥವಾಗಲಿಲ್ಲ. ನನಗಾಯಿತು. ಅವರ ಮಾತನ್ನು ಒತ್ತಿದ್ದು ಹದಿನೆಂಟು ಸಾವಿರದ ಲೆಕ್ಕದಲ್ಲಿ, ಬಿಡಿಸುತ್ತಿದ್ದದ್ದು 18,157ರ ಲೆಕ್ಕದಲ್ಲಿ. ವೇಗ ಹೆಚ್ಚಾಗಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೂವತ್ತನಾಲ್ಕು ನಿಮಿಷದ ಬದಲು ಮೂವತ್ತಮೂರು ನಿಮಿಷ ನಲವತ್ತೆರಡು ಸೆಕೆಂಡು. ನನಗೆ ಮೊದಲೇ ಗೊತ್ತಿತ್ತು. ಯಾರಿಗೂ ತಿಳಿಯುವುದಿಲ್ಲವೆಂದು ಬಿಟ್ಟಿದ್ದೆ.

"ಹದಿನೆಂಟು ಸೆಕೆಂಡು ಯಾರಿಗೆ ಗೊತ್ತಾಗತ್ತೆ ಬಿಡಿ ಚೀಫ್" ಎಂದಳು ಲೊರೇನ್. "ನಾಳೆ ಹತ್ತಕ್ಕೆ ಜನ ಬರ್ತಾರೆ."

"ನಾನು ಯಾವತ್ತೂ ಅವಸರ ಮಾಡಿದೋನಲ್ಲ. ಇವನು ಅವಸರದಲ್ಲಿದಾನೆ. ಧ್ವನೀನೂ ಒಂದು ಕೂದಲು ತೆಳ್ಳಗಿದೆ." ನನ್ನ ಕಡೆ ತಿರುಗಿದರು. "ದರ್ಜಿ ತಗೊಂಡಂಗೆ ನನ್ನ ಅಳತೆ ಅಂದಿದ್ದೆ ನೀನು."

ಹೌದು, ಅಂದಿದ್ದೆ. ಕಾರಿನಿಂದ ಕಂಪ್ಯೂಟರ್ ತಂದೆ. ಮೂಲ ರೆಕಾರ್ಡಿಂಗನ್ನು 18,157ರ ಲೆಕ್ಕದಲ್ಲಿ ಹೊಸದಾಗಿ ಒತ್ತಿ, ಒಂದೊಂದೇ ಕಾರ್ಟ್ರಿಜ್ಜಿಗೆ ಬರೆಯುತ್ತ ಕುಳಿತೆ. ಹನ್ನೆರಡಕ್ಕೂ ಮಧ್ಯಾಹ್ನವಿಡೀ ಹಿಡಿಯಿತು. ಆರ್ವೋ ಪಕ್ಕದಲ್ಲೇ ಕುಳಿತಿದ್ದರು. ಒಮ್ಮೆ ಸಾಧನವನ್ನು ಗಾಳಿಯಲ್ಲಿ ಹಿಡಿದು ಝುಂಯ್ ಎನಿಸಿದರು, ಬರೀ ಸದ್ದು. ಆಮೇಲೆ ಅದನ್ನು ನಿಲ್ಲಿಸಿ ಬಾಯಿ ಮಾತ್ರ ಆಡಿಸಿದರು, ಬರೀ ಆಕಾರ. ಆಮೇಲೆ ಎರಡನ್ನೂ ಸೇರಿಸಿದರು.

"ನೋಡು, ನಾನೂ ನಿನ್ನ ಗೇಮ್‌ಬಾಯೇ. ಆದ್ರೆ ನಂಗೆ ಸೆಲ್ ಒಂದೇ ಸಾಕು."

ಶನಿವಾರ ಹತ್ತು ಗಂಟೆಗೆ ಮೊದಲ ಗುಂಪು ಇಳಿಯಿತು. ಹನ್ನೊಂದು ಜನ, ಹೆಚ್ಚಿನವರು ಬೆಮಿಜಿ ಕಡೆಯಿಂದ ಬಂದ ನಿವೃತ್ತ ಶಿಕ್ಷಕರು. ಏಣಿಯ ಬುಡದಲ್ಲಿ ಲೊರೇನ್ ‘ಈಗ’ ಎಂದಾಗ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರು. ಎಂಜಿನ್ ಕೋಣೆ ನಿಶ್ಶಬ್ದವಾಗಿತ್ತು. ಹನ್ನೊಂದು ಜನರೂ ಒಟ್ಟಿಗೆ ಎಡಕ್ಕೆ ನೋಡುತ್ತಿದ್ದರು, ಒಟ್ಟಿಗೆ ನಗುತ್ತಿದ್ದರು. ಆರ್ವೋ ಬಾಯ್ಲರಿನ ಮರೆಯಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು. ಸರಿಯಾಗಿ ಮೂವತ್ತನಾಲ್ಕಕ್ಕೆ ಎಲ್ಲರೂ ಹೆಡ್‌ಫೋನ್ ತೆಗೆದರು. ಅವರು ಗಡಿಯಾರದಿಂದ ತಲೆಯೆತ್ತಿ, ಮುಂದೆ ಬಂದು, ಸಾಧನವನ್ನು ಕುತ್ತಿಗೆಗೆ ಒತ್ತಿಕೊಂಡರು.

"ಪ್ರಶ್ನೆ ಇದ್ರೆ ಕೇಳಿ."

ಎಲ್ಲರೂ ಅವರ ಕಡೆ ತಿರುಗಿದರು. ಕಿವಿಯಲ್ಲಿ ಮಾತಾಡಿದವರು ಇವರೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಿಂದೆ ನಿಂತಿದ್ದ ಕನ್ನಡಕದ ಹೆಂಗಸು ಕೈಯೆತ್ತಿದರು.

"ಆ ಅಡುಗೆಯವರು... ಅವರಿಗೆ ಯಾರಾದ್ರೂ ಕ್ಷಮೆ ಕೇಳಿದ್ರಾ?"

ಆರ್ವೋ ಅವರ ಭುಜ ಅಲುಗತೊಡಗಿತು.

"ಬನ್ನಿ, ಹತ್ರ ಬನ್ನಿ" ಎಂದರು. "ಅದು ಮೂವತ್ತೈದನೇ ನಿಮಿಷ."